ಸಾಲಾಗಿ ಬೆಳೆದ ಗೆಣಸು

ಚಳ್ಳಕೆರೆ ಸಂತೆಯಲ್ಲಿ ಮೂಲಂಗಿ ಕಂಡರೆ ನನ್ನ ಕೈ ತಾನಾಗಿ ಅದರ ತುದಿಗೆ ಹೋಗುತ್ತದೆ. ಟಕ್ಕನೆ ಮುರಿದರೆ ಎಳೆಯದು, ಮುರಿಯದೆ ಬಾಗಿದರೆ ಬೆಂಡಾದದ್ದು. "ಮುರಿಬ್ಯಾಡ್ರಿ ಸಾರ್, ಆಮ್ಯಾಲೆ ಅದನ್ನ ಯಾರು ತಗಂತಾರೆ?" ಎಂದು ಮಾರುವ ಹೆಂಗಸು ಬೈಯುತ್ತಾಳೆ. ನಾನು ನಗುತ್ತೇನೆ. ತುದಿ ಮುರಿಯುವುದನ್ನೂ, ಬೈಸಿಕೊಂಡು ನಗುವುದನ್ನೂ ನನಗೆ ಕಲಿಸಿದವರು ಒಬ್ಬರೇ. ಇಷ್ಟಾಗಿ ನನಗೆ ಮೂಲಂಗಿ ಸೇರುವುದಿಲ್ಲ. ಬೀಟ್‌ರೂಟಂತೂ ಕಣ್ಣಿಗೆ ಬೀಳಬಾರದು. ಸಾರಿಗೆ ಒಂದು ಹೋಳು ಬಿದ್ದರೂ ಸಾಕು, ಪಾತ್ರೆಗೆ ಪಾತ್ರೆಯೇ ಓಕುಳಿ.

ಮೊನ್ನೆ ಭಾನುವಾರ ಮೂಲಂಗಿಯ ಕಟ್ಟು ಕೈಯಲ್ಲಿ ಹಿಡಿದಿದ್ದಾಗಲೇ ಫೋನ್ ಬಂತು. "ಸಾರ್, ನಾನು ಗಂಗಾ," ಎಂದಿತು ಆ ಕಡೆಯ ದನಿ. ಗಂಗಾ ನಮ್ಮ ಹಳೆಯ ವಿದ್ಯಾರ್ಥಿನಿ. ಈಗ ಚಳ್ಳಕೆರೆಯಲ್ಲೇ ನರ್ಸ್. "ಟೀಚರ್ ಹೋಗ್ಬಿಟ್ರಂತೆ ಸಾರ್. ಬೆಳಗಿನ ಜಾವ. ಅವರ ತಂಗಿ ಫೋನ್ ಮಾಡಿದ್ರು." ಯಾವ ಟೀಚರ್ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರ ಮಧ್ಯೆ ಆ ಮಾತಿಗೆ ಒಬ್ಬರೇ ಇದ್ದದ್ದು. ಮೂಲಂಗಿಯನ್ನು ಹಾಗೇ ಇಟ್ಟು ಬಂದುಬಿಟ್ಟೆ. ತುದಿ ಮುರಿದಿದ್ದಕ್ಕೆ ಆ ಹೆಂಗಸು ನನಗೆ ಏನೇನು ಅಂದಳೋ ಗೊತ್ತಿಲ್ಲ.

ಬಿ.ಜಿ. ಕೆರೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ, ಅವರು ವಿಜ್ಞಾನ. ಅವರು ಕೋಲಾರದ ಕಡೆಯವರು. ಆಲೂಗಡ್ಡೆ, ಕ್ಯಾರೆಟ್ಟು, ಬೀಟ್‌ರೂಟು ಬೆಳೆಯುವ ಮನೆಯಲ್ಲಿ ಹುಟ್ಟಿ, ಈರುಳ್ಳಿ ಮತ್ತು ಶೇಂಗಾ ಬಿಟ್ಟರೆ ನೆಲದೊಳಗಿಂದ ಇನ್ನೇನೂ ಕಿತ್ತು ಗೊತ್ತಿಲ್ಲದ ನಮ್ಮ ಸೀಮೆಗೆ ವರ್ಗವಾಗಿ ಬಂದರು. ಮನೆಮಾತು ತೆಲುಗು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅರ್ಧ ಜನಕ್ಕೆ ಬೈಗುಳ ಬರುವುದೇ ತೆಲುಗಿನಲ್ಲಿ, ಹೀಗಾಗಿ ಬಂದ ವಾರದಲ್ಲೇ ಊರಿನವರಿಗೆಲ್ಲ ಬೇಕಾದವರಾದರು. ಮಕ್ಕಳು ಇಟ್ಟ ಹೆಸರು ಗಡ್ಡೆ ಟೀಚರ್. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಆ ಹೆಸರು ಕೇಳಿಬಂತಂತೆ. ಇವರು ತಲೆಯೆತ್ತದೆ, "ಯಾವ ಗಡ್ಡೆ ಅಂತ ಸರಿಯಾಗಿ ಹೇಳಿದವರಿಗೆ ಎರಡು ಮಾರ್ಕ್ಸ್," ಎಂದರಂತೆ.

ಸ್ಟಾಫ್ ರೂಮಿನಲ್ಲಿ ಅವರ ಮೇಜು ನನ್ನ ಮೇಜಿಗೆ ಅಂಟಿಕೊಂಡಿತ್ತು. ನನ್ನ ಹಣೆಬರಹ. ಅವರು ಊಟಕ್ಕೆ ತಂದ ಕ್ಯಾರೆಟ್ಟಿನ ತಲೆ ಕತ್ತರಿಸಿ, ಆ ತಲೆಯನ್ನು ತಟ್ಟೆಯ ನೀರಿನಲ್ಲಿ ಕೂರಿಸುತ್ತಿದ್ದರು. ನಾಲ್ಕು ದಿನಕ್ಕೆ ಅದರಿಂದ ಹಸಿರು ಎಳೆಎಳೆಯಾಗಿ ಸೊಪ್ಪು ಏಳುತ್ತಿತ್ತು. ನಾನು ತಿದ್ದಲು ಇಟ್ಟ ಉತ್ತರಪತ್ರಿಕೆಗಳ ಪಕ್ಕದಲ್ಲಿ ಸಣ್ಣದೊಂದು ಕಾಡು. ಮೂಲಂಗಿಯನ್ನಂತೂ ಹಸಿಯಾಗಿ, ಉಪ್ಪು ಹಚ್ಚಿಕೊಂಡು, ಹೆಡ್‌ಮಾಸ್ಟರ ಮೀಟಿಂಗಿನಲ್ಲೂ ಕಟುಂಕಟುಂ ಎಂದು ತಿನ್ನುವರು. ಆಮೇಲಿನ ತೇಗಿನ ಬಗ್ಗೆ ನಾನಿಲ್ಲಿ ಬರೆಯುವುದಿಲ್ಲ, ಸತ್ತವರ ವಿಷಯ. ಆದರೆ ಕಿಟಕಿಯ ಪಕ್ಕದ ಕುರ್ಚಿಗೆ ನಾವೆಲ್ಲ ಮುಗಿಬೀಳುತ್ತಿದ್ದದ್ದು ನಿಜ.

"ಪಂಡಿತರೇ, ನೀವು ಮೇಲಿರೋದನ್ನ ಮಾತ್ರ ಓದ್ತೀರ," ಎಂದು ನನ್ನನ್ನು ಕೆಣಕುವರು. "ಹೂವು, ಹಣ್ಣು, ಚಿಗುರು, ಚಂದ್ರ. ಒಂದು ದಿನಾನಾದ್ರೂ ಮೂಲಂಗಿ ಮೇಲೆ ಒಂದು ಪದ್ಯ ಓದಿದ್ದೀರಾ?"

"ಅದನ್ನ ತಿಂದ ಮೇಲೆ ಪದ್ಯ ಬಾಯಿಂದ ಬರಲ್ಲ ಮೇಡಂ," ಎನ್ನುತ್ತಿದ್ದೆ. ಇದು ನಮ್ಮ ದಿನನಿತ್ಯದ ಜಗಳ.

ಅವರ ಪಾಠವೊಂದನ್ನು ನಾನು ಪಕ್ಕದ ತರಗತಿಯಿಂದ ಕೇಳಿ, ನನ್ನ ಪಾಠ ಬಿಟ್ಟು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಮೇಜಿನ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್ಟು, ಮೂಲಂಗಿ, ಬೀಟ್‌ರೂಟು, ಗೆಣಸು, ಶುಂಠಿ, ಒಂದು ಹಿಡಿ ಹಸಿ ಶೇಂಗಾ. ಇದರಲ್ಲಿ ಬೇರು ಯಾವುದು ಎಂದು ಕೇಳಿದರು. ಎಲ್ಲವೂ ಎಂದು ಮಕ್ಕಳು ಕೂಗಿದರು. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡೆ. ನೆಲದೊಳಗಿರುವುದು ಬೇರಲ್ಲದೆ ಇನ್ನೇನು?

ಅವರು ಆಲೂಗಡ್ಡೆಯನ್ನು ಎತ್ತಿ ಹಿಡಿದರು. "ಇದರ ಮೈತುಂಬ ಕಣ್ಣಿದೆ ನೋಡಿ. ಒಂದೊಂದು ಕಣ್ಣಿಂದಲೂ ಮೊಳಕೆ ಬರುತ್ತೆ. ಬೇರಿಗೆ ಹೀಗೆ ಕಣ್ಣಿರಲ್ಲ. ಇದು ಕಾಂಡ, ನೆಲದೊಳಗೆ ಹೋಗಿ ಅವಿತುಕೊಂಡು ದಪ್ಪಗಾಗಿದೆ. ಶುಂಠಿನೂ ಅಷ್ಟೇ." ಈರುಳ್ಳಿ ಬಿಚ್ಚಿದರು. "ಇದು ಎಲೆ. ಪದರ ಪದರವಾಗಿ ಎಲೆ. ಬೇರು ಅಂದ್ರೆ ಕೆಳಗಿರೋ ಈ ಮೀಸೆ ಮಾತ್ರ." ಶೇಂಗಾ ತೋರಿಸಿದರು. "ಇದು ಕಾಯಿ. ಹೂವು ಮೇಲೆ ಅರಳುತ್ತೆ, ಆಮೇಲೆ ನಾಚಿಕೊಂಡು ಮಣ್ಣೊಳಗೆ ತಲೆ ಹಾಕಿ ಕಾಯಿ ಕಟ್ಟುತ್ತೆ." ಕೊನೆಗೆ ಬೇರೆಂದು ಉಳಿದದ್ದು ಕ್ಯಾರೆಟ್ಟು, ಮೂಲಂಗಿ, ಬೀಟ್‌ರೂಟು ಮತ್ತು ಗೆಣಸು.

ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಬೆಳಗ್ಗೆ ಈರುಳ್ಳಿ ಬೆಳೆಯುವ ಯಜಮಾನರೊಬ್ಬರು ಶಾಲೆಗೇ ಬಂದರು. "ಟೀಚರಮ್ಮ, ಈರುಳ್ಳಿ ಎಲೆ ಅಂತ ಹೇಳಿದ್ರಂತೆ ಹೌದೇನ್ರಿ? ನಮ್ಮಪ್ಪನ ಕಾಲದಿಂದ್ಲೂ ಗಡ್ಡೆ ಅಂತ ಮಾರ್ಕಂಡು ಬಂದೀವಿ. ಎಲೆ ಅಂದ್ರೆ ರೇಟು ಬೀಳಲ್ವೇನ್ರಿ?" ಟೀಚರು ಅವರಿಗೆ ಕುರ್ಚಿ ಕೊಟ್ಟು, ಒಂದು ಈರುಳ್ಳಿಯನ್ನು ಪದರ ಪದರ ಬಿಚ್ಚಿ ಅಂಗೈಗೆ ಕೊಟ್ಟರು. ಇಬ್ಬರೂ ಕಣ್ಣೀರು ಸುರಿಸಿಕೊಂಡು ಅರ್ಧ ಗಂಟೆ ಕೂತಿದ್ದರು. ಹೋಗುವಾಗ ಯಜಮಾನರು, "ಸರಿ ಕಣ್ರಮ್ಮ, ಎಲೆನೇ ಇರ್ಲಿ. ಮಂಡಿಯೋರಿಗೆ ಮಾತ್ರ ಹೇಳ್ಬ್ಯಾಡ್ರಿ," ಎಂದು ಕೈಮುಗಿದರು.

ಇನ್ನೊಂದು ಅಭ್ಯಾಸವಿತ್ತು. ಯಾವ ತರಕಾರಿಯನ್ನು ಕೈಗೆತ್ತಿಕೊಂಡರೂ ಮೊದಲು ಅದನ್ನೇ ಮಾತಾಡಿಸುವರು: "ಎಲ್ಲಿಂದ ಬಂದೆಯಮ್ಮಾ ನೀನು?" ಆಮೇಲೆ ಅದರ ಪರವಾಗಿ ತಾವೇ ಉತ್ತರ ಹೇಳುವರು. ಆಲೂಗಡ್ಡೆ ಸಮುದ್ರದಾಚೆಯ ಎತ್ತರದ ಬೆಟ್ಟಗಳಿಂದ, ಹಡಗು ಹತ್ತಿ ಬಂದದ್ದು. ಕ್ಯಾರೆಟ್ಟು ಅಫಘಾನಿಸ್ತಾನದ ಕಡೆಯದು. ಮೊದಮೊದಲು ನೇರಳೆ, ಹಳದಿ ಇದ್ದದ್ದು ಎಷ್ಟೋ ಕಾಲದ ಮೇಲೆ ಈ ಬಣ್ಣಕ್ಕೆ ತಿರುಗಿತು. ಬೀಟ್‌ರೂಟು ಎಲ್ಲೋ ಸಮುದ್ರದ ದಂಡೆಯ ಕಾಡುಸೊಪ್ಪು, ಜನ ಮೊದಲು ತಿಂದದ್ದು ಅದರ ಎಲೆಯನ್ನೇ. ಗೆಣಸೂ ಆಲೂಗಡ್ಡೆಯ ಹಾಗೆ ಅಮೆರಿಕದ ಕಡೆಯಿಂದ ಹಡಗಿನಲ್ಲೇ ಬಂದದ್ದು. ಇದನ್ನು ಕೇಳಿ ನಾನು ಎದ್ದೇ ನಿಂತೆ.

"ಶಿವರಾತ್ರಿ ಉಪವಾಸಕ್ಕೆ ತಿನ್ನೋ ಗೆಣಸು ಮೇಡಂ ಅದು! ಶಿವನಿಗೆ ಗೊತ್ತಾ ಅದು ಅಮೆರಿಕದ್ದು ಅಂತ?"

"ಶಿವ ಕೇಳಿಲ್ಲವಲ್ಲ. ಬಂದು ಎಷ್ಟು ವರ್ಷ ಆಯ್ತು ಅನ್ನೋದು ನಮಗೆ ಬೇಕು. ಮಣ್ಣಿಗೆ ಬೇಕಾಗಿರೋದು ಬೇರು ಹತ್ತಿಕೊಳ್ತಾ, ಇಲ್ವಾ ಅನ್ನೋದೊಂದೇ," ಎಂದರು. ಕೋಲಾರದಿಂದ ಬಂದು ನಮ್ಮ ಕಲ್ಲುಮಣ್ಣಿನಲ್ಲಿ ತಾವೇ ಹತ್ತಿಕೊಂಡಿದ್ದ ಹೆಂಗಸು. ಅವರು ಹೇಳಿದರೆ ಒಪ್ಪಬೇಕಾಗುತ್ತಿತ್ತು.

ಸುಳ್ಳು ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಒಂದು ಸಲ ಶಾಲಾ ಕೈತೋಟ ನೋಡಲು ಮೇಲಿನವರು ಬರುತ್ತಾರೆಂದು ತಿಳಿಯಿತು. ಆ ವರ್ಷ ಮಳೆ ಕೈಕೊಟ್ಟು ತೋಟದಲ್ಲಿ ಒಂದು ಎಲೆಯೂ ಇರಲಿಲ್ಲ. ಹೆಡ್‌ಮಾಸ್ಟರು ಚಳ್ಳಕೆರೆಯಿಂದ ಸೊಪ್ಪಿನ ಸಮೇತ ಒಂದು ಚೀಲ ಮೂಲಂಗಿ ತರಿಸಿ, ಪಾತಿಗಳಲ್ಲಿ ಕುತ್ತಿಗೆವರೆಗೆ ಹೂಳಿಸಿಬಿಡೋಣ ಎಂದರು. ಫೋಟೋಗೆ ಚೆನ್ನಾಗಿರುತ್ತದೆಂಬ ಆಸೆ ಪಾಪ. ಇವರು ಕೆಂಡವಾದರು. ಬಂದವರನ್ನು ಬರಿಯ ಪಾತಿಯ ಮುಂದೆ ನಿಲ್ಲಿಸಿ, "ಏನೂ ಬೆಳೆದಿಲ್ಲ ಸಾರ್. ಯಾಕೆ ಬೆಳೆದಿಲ್ಲ ಅಂತ ಮಕ್ಕಳು ಹೇಳ್ತಾರೆ ಕೇಳಿ," ಎಂದರು. ಮಕ್ಕಳು ಹೇಳಿದರು. ಮೇಲಿನವರು ತಲೆಯಾಡಿಸಿ ಹೋದರು. ಹೆಡ್‌ಮಾಸ್ಟರು ಒಂದು ವಾರ ಇವರ ಕಡೆ ನೋಡಲಿಲ್ಲ. ಮೂಲಂಗಿಯ ಚೀಲ ಬಿಸಿಯೂಟದ ಸಾಂಬಾರಿಗೆ ಹೋಯಿತು, ನಾನು ಆ ವಾರ ಮನೆಯಿಂದ ಡಬ್ಬಿ ತಂದೆ.

ಈ ಮೂಲಂಗಿ ಹೂಳುವ ಸಂಗತಿಯನ್ನು ನೆನಪಿಡಬೇಕು. ಮುಂದಿನ ಕಥೆಗೆ ಇದು ಬೇಕು.

ಬಿಸಿಯೂಟದ ಅಡುಗೆಯವಳು ಮಾರಕ್ಕ. ಮಾರಮ್ಮನ ಜಾತ್ರೆಯ ಗೌರಸಮುದ್ರದಲ್ಲಿ ಹುಟ್ಟಿದವಳು. ಮಾರಮ್ಮನ ಹೆಸರಿಟ್ಟುಕೊಂಡು ಮಾರಮ್ಮನ ಕೋಪವನ್ನೂ ಸ್ವಲ್ಪ ತಂದಿದ್ದಳು. ಹುಡುಗಿಯಾಗಿದ್ದಾಗಿನಿಂದ ಕೂಲಿಗೆ ಈರುಳ್ಳಿ ನಾಟಿ ಮಾಡಿದ ಕೈ ಅದು. ಒಂದು ವರ್ಷ, ಶಾಲೆ ಶುರುವಾದ ಮೇಲೆ, ಅವಳ ಮಗಳು ಆಂಧ್ರದ ರಾಯದುರ್ಗದಲ್ಲಿ ತೀರಿಕೊಂಡಳು. ಅಳಿಯ ಅಲ್ಲಿ ಗಾರೆ ಕೆಲಸದವನು. ಮಾರಕ್ಕ ಮಗಳ ಕಾರ್ಯ ಮುಗಿಸಿ ಬರುವಾಗ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಅವಳೇ ಗಂಗಾ. ಅಲ್ಲಿ ತೆಲುಗಿನಲ್ಲಿ ಓದುತ್ತಿದ್ದವಳನ್ನು ನಮ್ಮ ಎಂಟನೇ ತರಗತಿಗೆ ಸೇರಿಸಿದೆವು.

ಹುಡುಗಿ ಬಾಯಿ ಬಿಡಲಿಲ್ಲ. ಊಟಕ್ಕೆ ಕೂತರೆ ಅನ್ನ ಕಲಸಿ ಕಲಸಿ ಹಾಗೇ ಬಿಡುವಳು. ಕನ್ನಡ ಅಕ್ಷರ ಕಲಿಸಲು ನನಗೆ ಒಪ್ಪಿಸಿದರು. ಎರಡು ಲಿಪಿಯೂ ಅಕ್ಕತಂಗಿಯರು, ಕಷ್ಟವೇನಿಲ್ಲ ಎಂದು ನಾನು ಹೇಳಿದರೆ ಹೂಂ ಎನ್ನುವುದಕ್ಕೂ ತಲೆಯೆತ್ತುತ್ತಿರಲಿಲ್ಲ. ಅತ್ತ ಅವಳಪ್ಪ ವಾರಕ್ಕೊಮ್ಮೆ ಫೋನ್ ಮಾಡುವನು: ಹುಡುಗಿಯನ್ನು ಕಳಿಸಿಬಿಡು, ಮನೆಯಲ್ಲಿ ಚಿಕ್ಕ ಮಕ್ಕಳಿವೆ, ಬೇಯಿಸಿ ಹಾಕುವವರಿಲ್ಲ. ಹೋದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಅವನ ಅಕ್ಕನ ಮಗನಿಗೆ ಅವಳನ್ನು ಕೊಡುವ ಮಾತೂ ಆಗಲೇ ಎದ್ದಿತ್ತು. ಇದೆಲ್ಲ ನಮಗೆ ಗೊತ್ತಿತ್ತು, ಮಾರಕ್ಕನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೆ ದಿನಾ ಉಣ್ಣದೆ ಸೊರಗುವ ಹುಡುಗಿಯನ್ನು ನೋಡಿ ಅವಳ ಜೀವವೂ ಸೋತಿತ್ತು.

ಟೀಚರು ಗಂಗಾಳನ್ನು ಕೈತೋಟಕ್ಕೆ ಹಾಕಿಕೊಂಡರು. ಆ ವರ್ಷ ಮಳೆ ಚೆನ್ನಾಗಿತ್ತು. ಕ್ಯಾರೆಟ್ಟಿನ ಬೀಜ ಚೆಲ್ಲಿದರು. ಅದು ಒತ್ತೊತ್ತಾಗಿ ಹುಟ್ಟಿತು. ಅಷ್ಟರಲ್ಲಿ ಟೀಚರಿಗೆ ಚಿತ್ರದುರ್ಗದಲ್ಲಿ ತರಬೇತಿ ಬಂತು. ಅವರು ಅತ್ತ ಹೋದರು, ಇತ್ತ ಮಾರಕ್ಕ ಪಾತಿ ನೋಡಿದಳು. ಈರುಳ್ಳಿ ಕೈಗೆ ಒತ್ತಾದ ಸಸಿ ಕಂಡರೆ ಸುಮ್ಮನಿರಲಾಗುತ್ತದೆಯೇ? ಅಷ್ಟನ್ನೂ ಕಿತ್ತು, ಪಕ್ಕದಲ್ಲಿ ಹೊಸ ಪಾತಿ ಮಾಡಿ, ಗೇಣು ಗೇಣಿಗೊಂದರಂತೆ ಸಾಲು ಹಿಡಿದು ನೆಟ್ಟಳು. ನೋಡಲು ಎಷ್ಟು ಚೆಂದ! ನಾನೇ ಶಹಭಾಸ್ ಎಂದಿದ್ದೆ.

ದೀಪಾವಳಿಯ ಹೊತ್ತಿಗೆ ಕಿತ್ತೆವು. ಒಂದು ಕ್ಯಾರೆಟ್ಟೂ ನೆಟ್ಟಗಿರಲಿಲ್ಲ. ಒಂದಕ್ಕೆ ಎರಡು ಕಾಲು, ಒಂದಕ್ಕೆ ಮೂರು, ಇನ್ನೊಂದು ಚಕ್ಕಂಬಕ್ಕಳ ಹಾಕಿ ಕೂತಿತ್ತು. ಟೀಚರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಅಭ್ಯಾಸಬಲ, ಅಲ್ಲೇ ಪಾಠ ಶುರುಮಾಡಿದರು. ಕ್ಯಾರೆಟ್ಟು, ಮೂಲಂಗಿ ತಾಯಿಬೇರಿನ ಜಾತಿ. ಬೀಜ ಬಿದ್ದಲ್ಲೇ ಬೇರು ನೇರ ಕೆಳಕ್ಕೆ ದಾರಿ ಮಾಡಿಕೊಳ್ಳುತ್ತದೆ. ನಡುವೆ ಕಿತ್ತರೆ ತುದಿ ಹರಿಯುತ್ತದೆ. ತುದಿ ಹರಿದ ಮೇಲೆ ಎಲ್ಲಿ ನೆಟ್ಟರೂ ನೆಟ್ಟಗೆ ಬೆಳೆಯುವುದಿಲ್ಲ.

ಪಾಠ ಕೇಳುತ್ತ ನಿಂತಿದ್ದ ಮಾರಕ್ಕನ ಮುಖ ಕಪ್ಪಿಟ್ಟಿತು. ಎರಡು ಕಾಲಿನ ಕ್ಯಾರೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ಗಂಗಾಳ ಎದುರಿಗೇ ಅಂದಳು:

"ಅಂಗಾರೆ ಇದೂ ಅಂಗೇ ಅಲ್ವೇನ್ರಿ ಟೀಚರಮ್ಮ? ತಾಯಿ ಬುಡದಿಂದ ಕಿತ್ಕಂಡು ಬಂದೆ ನಾನು. ನೀವೇ ಹೇಳಿದ್ರಲ್ಲ, ಕಿತ್ತಿದ್ದು ನೆಟ್ಟಗೆ ಬೆಳೆಯಲ್ಲ ಅಂತ. ಅವರಪ್ಪನ ತಾವೇ ಹೋಗ್ಲಿ ಬಿಡ್ರಿ. ನನ್ನ ಕೈಲಿ ಇದನ್ನ ನೋಡಕಾಗಲ್ಲ."

ಟೀಚರಿಗೆ ತಮ್ಮ ಪಾಠವೇ ತಿರುಗಿ ಬಡಿದಿತ್ತು. ಹುಡುಗಿ ನೆಲ ನೋಡುತ್ತಿದ್ದಳು. ಟೀಚರು ಆ ಎರಡು ಕಾಲಿನ ಕ್ಯಾರೆಟ್ಟನ್ನು ಮಾರಕ್ಕನ ಕೈಯಿಂದ ತೆಗೆದುಕೊಂಡು, "ಮಾರಕ್ಕ, ಎಲ್ಲ ಬೇರೂ ಒಂದೇ ಜಾತಿ ಅಲ್ಲ. ನಿನ್ನ ಮೊಮ್ಮಗಳು ಕ್ಯಾರೆಟ್ಟು ಅಂತ ನಾನ್ಯಾವಾಗ ಹೇಳ್ದೆ?" ಎಂದರು.

"ಮತ್ತೆ?"

"ಗೆಣಸು. ಗೆಣಸಿಗೆ ಬೀಜ ಹಾಕಲ್ಲ. ಬಳ್ಳಿ ಕತ್ತರಿಸಿ ಬೇರೆ ಕಡೆ ಊರಬೇಕು. ಊರೋವಾಗ ಅದಕ್ಕೆ ಒಂದು ಬೇರೂ ಇರಲ್ಲ. ಕತ್ತರಿಸಿದ ಬಳ್ಳಿಯೇ ಹೊಸ ಮಣ್ಣಿನಲ್ಲಿ ಬೇರು ಬಿಟ್ಟು ಗೆಣಸು ಕಟ್ಟುತ್ತೆ."

ಮಾರಕ್ಕನಿಗೆ ನಂಬಿಕೆ ಬರಲಿಲ್ಲ. ಕಣ್ಣಾರೆ ಕಂಡರೆ ಮಾತ್ರ ಒಪ್ಪುವ ಜೀವ. "ಊರ್ರಿ ಮತ್ತೆ ನೋಡಾನ. ಶಿವರಾತ್ರಿ ತಂಕ ಕಾಯ್ತೀನಿ. ಗೆಣಸು ಬಿಟ್ರೆ ಹುಡುಗಿ ಇಲ್ಲೇ ಓದ್ಲಿ. ಬಿಡ್ಲಿಲ್ಲ ಅಂದ್ರೆ ಅವರಪ್ಪ ಬಂದು ಕರ್ಕಂಡು ಹೋಗ್ಲಿ. ನಮ್ಮೂರ ಮಾರಮ್ಮನ ಆಣೆ," ಎಂದುಬಿಟ್ಟಳು. ಅಷ್ಟಕ್ಕೇ ನಿಲ್ಲಿಸದೆ ಅಳಿಯನಿಗೂ ಫೋನ್ ಮಾಡಿ ಇದನ್ನೇ ಹೇಳಿದಳು. ಮಾರಮ್ಮನ ಆಣೆ ಇಟ್ಟ ಮೇಲೆ ಗೌರಸಮುದ್ರದ ಹೆಣ್ಣುಮಗಳು ಹಿಂದೆ ಸರಿಯುವುದಿಲ್ಲ. ಅವಳಿಗಂತೂ ಆಗ ಹಿಂದೆ ಸರಿಯಬೇಕು ಅಂತಲೂ ಅನ್ನಿಸಿರಲಿಲ್ಲ.

ಟೀಚರು ಕೋಲಾರದ ಕಡೆಯ ತಮ್ಮ ಊರಿನಿಂದ ಬಳ್ಳಿ ತರಿಸಿದರು. ಗಂಗಾಳ ಕೈಯಿಂದಲೇ ಊರಿಸಿದರು. ಒಂದು ವಾರ ಎಲೆ ಜೋತುಬಿತ್ತು, ಎರಡನೇ ವಾರ ತಲೆಯೆತ್ತಿತು. ಅದರ ಜೊತೆಗೆ ಈ ಹುಡುಗಿಯೂ. ಬೆಳಗ್ಗೆ ಬಂದವಳೇ ಬಳ್ಳಿಯ ಹತ್ತಿರ ಓಡುವಳು. ಚಿಗುರು ಬಂದ ದಿನ ನನ್ನ ಹತ್ತಿರ ಬಂದು, ಕೇಳದಿದ್ದರೂ, "ಸಾರ್, ಪಟ್ಟುಕುಂದಿ," ಎಂದಳು. ಹತ್ತಿಕೊಂಡಿತು ಎಂದು. ಅದು ಅವಳು ನನಗೆ ಹೇಳಿದ ಮೊದಲ ಮಾತು. ಸಂಕ್ರಾಂತಿಯ ಹೊತ್ತಿಗೆ ಅವಳು ಕನ್ನಡದಲ್ಲಿ ಬರೆಯುತ್ತಿದ್ದಳು, ಹುಡುಗಿಯರ ಜೊತೆ ಜಗಳವಾಡುತ್ತಿದ್ದಳು, ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಳು. ಮಾರಕ್ಕ ಸೌಟು ಹಿಡಿದುಕೊಂಡು ಅವಳು ಉಣ್ಣುವುದನ್ನು ನೋಡುತ್ತ ನಿಂತುಬಿಡುವಳು, ಸಾಲಿನಲ್ಲಿದ್ದ ಮಿಕ್ಕ ಮಕ್ಕಳು ತಟ್ಟೆ ಬಡಿಯಬೇಕು.

ತೊಂದರೆಯಾದದ್ದು ಆಮೇಲೆ. ಟೀಚರ ತಾಯಿಗೆ ಕಾಯಿಲೆಯಾಗಿ ಅವರು ಕೋಲಾರಕ್ಕೆ ಹೋಗಿ ಕೆಲವು ವಾರ ಉಳಿಯಬೇಕಾಯಿತು. ಹೋಗುವಾಗ, ಬಳ್ಳಿಗೆ ಹೆಚ್ಚು ಉಣಿಸಬೇಡಿ, ಆಗಾಗ ಎತ್ತಿ ತಿರುವಿ ಹಾಕಿ ಎಂದು ಹೇಳಿ ಹೋದರು. ಆದರೆ ಮಾರಕ್ಕನಿಗೆ ಈಗ ಆ ಬಳ್ಳಿಯ ಮೇಲೆ ಮೊಮ್ಮಗಳಷ್ಟೇ ಪ್ರೀತಿ. ಅಕ್ಕಿ ತೊಳೆದ ನೀರೆಲ್ಲ ಅದಕ್ಕೇ. ಕುರಿಗೊಬ್ಬರ ಬುಟ್ಟಿ ಬುಟ್ಟಿ ಹೊತ್ತು ಹಾಕಿದಳು. ಎತ್ತಿ ತಿರುವಿದರೆ ನೋವಾಗುತ್ತದೆಂದು ಯಾರನ್ನೂ ಮುಟ್ಟಗೊಡಲಿಲ್ಲ. ಬಳ್ಳಿ ಸೊಕ್ಕಿ ಕಾಂಪೌಂಡಿನವರೆಗೆ ಹರಿಯಿತು, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟುಕೊಂಡು ಕೂತಿತು. ನೋಡಿದವರೆಲ್ಲ ಎಂಥ ಬೆಳೆ ಎಂದರು.

ಶಿವರಾತ್ರಿಗೆ ಎರಡು ದಿನ ಮುಂಚೆ ಟೀಚರು ಬಂದರು. ಚೀಲ ಇಳಿಸಿದವರೇ ಪಾತಿಯ ಬಳಿ ಕೂತು, ಬುಡದ ಮಣ್ಣಿಗೆ ಬೆರಳಿಟ್ಟು ನೋಡಿದರು. ಇನ್ನೊಂದು ಬುಡ, ಮತ್ತೊಂದು ಬುಡ. ಎದ್ದು ಬಂದಾಗ ಅವರ ಮುಖ ನೋಡಲಾಗಲಿಲ್ಲ.

"ಒಳಗೆ ಏನೂ ಇಲ್ಲ ಸಾರ್. ಬರೀ ಸಣಬಿನ ಹುರಿಯಂಥ ಬೇರು. ಉಂಡಿದ್ದೆಲ್ಲ ಎಲೆಗೆ ಹೋಗಿದೆ." ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳಿದರೂ, ಆಚೆ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತದ್ದು ನನಗೆ ಕೇಳಿಸಿತು.

"ಏನು ಮಾಡ್ತೀರಿ ಈಗ?"

"ನಿಜ ಹೇಳ್ತೀನಿ. ಇನ್ನೇನು ಮಾಡಲಿ?" ಎಂದರು. ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಿ ತಾಯೀ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬಾಯಿಬಿಟ್ಟು ಹೇಳಿದ್ದರೆ ನನ್ನನ್ನೂ ಹೆಡ್‌ಮಾಸ್ಟರ ಸಾಲಿಗೆ ಸೇರಿಸುತ್ತಿದ್ದರು.

ಶಿವರಾತ್ರಿಯ ದಿನ ಶಾಲೆಗೆ ರಜೆ. ಆದರೂ ಅಂಗಳದ ತುಂಬ ಜನ. ಗಂಗಾಳ ಅಪ್ಪ ರಾಯದುರ್ಗದ ಬಸ್ಸಿಗೆ ಬಂದಿದ್ದ. ಕೆಟ್ಟವನೇನಲ್ಲ. ಸೋತ ಮುಖದ, ಮಾತು ಕಡಿಮೆಯ ಮನುಷ್ಯ. ಗಂಗಾಳ ಬಟ್ಟೆಯ ಗಂಟು ಜಗುಲಿಯ ಮೇಲಿತ್ತು, ಹುಡುಗಿ ಅದರ ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದಳು. ಟೀಚರು ಮುಂದೆ ಬಂದು, "ನೋಡಪ್ಪ, ಅಗೆಯೋಕೆ ಮುಂಚೆ ನಾನೊಂದು ಮಾತು ಹೇಳಬೇಕು," ಎಂದರು.

"ಆಮ್ಯಾಲೆ ಹೇಳೀರಂತೆ ಸುಮ್ಕಿರ್ರಿ!" ಎಂದು ಮಾರಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ಬಳ್ಳಿಯನ್ನು ಒಂದೇ ಎಳೆತಕ್ಕೆ ಕಿತ್ತೆಸೆದು, ಕುಡುಗೋಲಿನಿಂದ ಮಣ್ಣು ಬಗೆದಳು.

ಗೆಣಸು! ಒಂದಲ್ಲ, ಪಾತಿಯ ಈ ತುದಿಯಿಂದ ಆ ತುದಿಯವರೆಗೆ. ಮೊಳಕೈ ದಪ್ಪದವು. ಗೇಣು ಗೇಣಿಗೊಂದು. ಒಂದೇ ಸಾಲು. ಎಲ್ಲವೂ ನೆಟ್ಟಗೆ, ಕುತ್ತಿಗೆ ಮೇಲೆ ಮಾಡಿಕೊಂಡು, ಈರುಳ್ಳಿ ಕೂತ ಹಾಗೆ ಕೂತಿದ್ದವು. ಟೀಚರ ಬಳ್ಳಿ ಕೆಂಪು ಸಿಪ್ಪೆಯ ಗೆಣಸಿನದೆಂದು ಅವರು ನೂರು ಸಲ ಹೇಳಿದ್ದರು. ಇವೆಲ್ಲ ಬಿಳಿಯವು, ಹಿಂದಿನ ದಿನ ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಹಬ್ಬಕ್ಕೆಂದು ರಾಶಿ ಬಿದ್ದಿದ್ದಂಥವೇ. ಅಲ್ಲಿ ನೆರೆದಿದ್ದವರಲ್ಲಿ ಹೊಲ ಕಾಣದವರು ಯಾರೂ ಇರಲಿಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಈರುಳ್ಳಿ ಯಜಮಾನರು ಆಕಾಶ ನೋಡಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಬಿಚ್ಚಿದವನು ಗಂಗಾಳ ಅಪ್ಪ. ಬೇಸಾಯ ಅವನಿಗೆ ಗೊತ್ತಿರಲಿಲ್ಲ, ಆದರೆ ಗೋಡೆ ಕಟ್ಟುವವನ ಕಣ್ಣು. ಬಗ್ಗಿ, ಸಾಲಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದ. "ನೂಲು ಹಿಡಿದಂಗೈತಲ್ಲ ಟೀಚರಮ್ಮ. ಗೆಣಸು ಹಿಂಗೆ ಬೆಳೀತೈತಾ?"

ಎಲ್ಲರೂ ಟೀಚರ ಕಡೆ ನೋಡಿದರು. ಅವರು ಪಾತಿಯ ಬಳಿ ಕೂತು, ಒಂದು ಗೆಣಸನ್ನು ಕೈಗೆತ್ತಿಕೊಂಡು ಮಣ್ಣು ಒರೆಸಿದರು. "ಎಲ್ಲಿಂದ ಬಂದೆಯಮ್ಮಾ ನೀನು?" ಎಂದು ಕೇಳಬೇಕಾಗಿದ್ದ ಹೊತ್ತು ಅದು. ಕೇಳಲಿಲ್ಲ. ಮಾರಕ್ಕನನ್ನು ನೋಡಿದರು. ಮಾರಕ್ಕ ಕುಡುಗೋಲು ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ನಮ್ಮ ತರಗತಿಯ ತಪ್ಪಿತಸ್ಥ ಮಕ್ಕಳಂತೆ ನಿಂತಿದ್ದಳು. ಆಮೇಲೆ ಕಂಬದ ಪಕ್ಕದ ಹುಡುಗಿಯನ್ನು ನೋಡಿದರು.

"ಈ ಊರಲ್ಲಿ ಹಂಗೇ ಬೆಳೆಯುತ್ತಪ್ಪಾ," ಎಂದರು.

ಅವನು ಇನ್ನೊಮ್ಮೆ ಸಾಲು ನೋಡಿದ. ಅತ್ತೆಯನ್ನು ನೋಡಿದ. ಸುತ್ತ ನಿಂತ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. ಅವನಿಗೆ ಪೂರ್ತಿ ಅರ್ಥವಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. "ಸರಿ ಬಿಡು ಅತ್ತೆ. ಇಷ್ಟು ಜನ ಇದ್ದೀರಿ. ಓದ್ಲಿ," ಎಂದ. ಗಂಟು ಎತ್ತಿ ಮಗಳ ಕೈಗೆ ಕೊಟ್ಟು, ಅವಳ ತಲೆ ಸವರಿದ. ಬೇಯಿಸಿದ ಗೆಣಸು ತಿಂದು, ಸಂಜೆಯ ಬಸ್ಸಿಗೆ ಒಬ್ಬನೇ ಹೋದ.

ಬಸ್ಸು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಏನು ಮೇಡಂ, ಹೆಡ್‌ಮಾಸ್ಟರ ಮೂಲಂಗಿ ತಪ್ಪು, ಮಾರಕ್ಕನ ಗೆಣಸು ಸರಿನಾ?" ಎಂದೆ.

"ಅವರು ಹೂಳ್ತೀನಿ ಅಂದಿದ್ದು ಫೋಟೋಗೆ," ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಆ ವಿಷಯವನ್ನು ಮತ್ತೆಂದೂ ನಾವು ಎತ್ತಲಿಲ್ಲ. ಗಂಗಾ ನಮ್ಮಲ್ಲೇ ಹತ್ತನೇ ತರಗತಿ ಮುಗಿಸಿ, ಪಿಯುಸಿ ಮುಗಿಸಿ, ನರ್ಸಿಂಗಿಗೆ ಹೋದಳು. ಟೀಚರು ನಿವೃತ್ತರಾಗಿ ಕೋಲಾರದ ಕಡೆ ತಂಗಿಯ ಮನೆಗೆ ಹೋದರು. ಪ್ರತಿ ಶಿವರಾತ್ರಿಗೆ ನನಗೆ ಫೋನ್ ಮಾಡಿ, "ಗೆಣಸು ತಿಂದ್ರಾ ಪಂಡಿತರೇ?" ಎಂದು ಕೇಳುವರು. ತಿನ್ನದಿದ್ದರೂ ತಿಂದೆ ಎನ್ನುತ್ತಿದ್ದೆ. ಅಂಥ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ, ಕಾಣುವುದೂ ಇಲ್ಲ.

ಮೊನ್ನೆ ಸಂತೆಯಿಂದ ಮನೆಗೆ ಹೋಗದೆ ನೇರ ಬಸ್ಸು ಹತ್ತಿ ಮಾರಕ್ಕನ ಮನೆಗೆ ಹೋದೆ. ಅಜ್ಜಿಗೆ ಫೋನಿನಲ್ಲಿ ಹೇಳಬೇಡಿ, ಕಿವಿ ಮಂದ, ನಾನು ಡ್ಯೂಟಿ ಮುಗಿಸಿ ಬರುತ್ತೇನೆ, ಅಷ್ಟರಲ್ಲಿ ನೀವು ಹೋಗಿ ಹೇಳಿ ಎಂದು ಗಂಗಾ ಕೇಳಿಕೊಂಡಿದ್ದಳು. ಮಾರಕ್ಕ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕೂಗಿ ಹೇಳಬೇಕಾಯಿತು. ಸಾವಿನ ಸುದ್ದಿಯನ್ನು ಕೂಗಿ ಹೇಳುವುದು ಎಂಥ ಕಷ್ಟ! "ಅಯ್ಯೋ ನನ್ನವ್ವಾ," ಎಂದು ಮೊರವನ್ನು ಪಕ್ಕಕ್ಕಿಟ್ಟು ಅತ್ತಳು. ನಾನೂ ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ಅಳುವಿನ ನಡುವೆಯೇ ನಕ್ಕಳು. "ಅವತ್ತು ಗೆಣಸು ಕಿತ್ತ ಸಂಜಿಕೆ, ನನ್ನ ಅಡುಗಿ ಮನಿಗೆ ಬಂದಿದ್ಲು ಸಾರ್. ಬೈತಾಳೆ ಅಂದ್ಕಂಡೆ. ಪಕ್ಕದಾಗೆ ಕುಂತ್ಕಂಡು ಏನಂದ್ಲು ಗೊತ್ತಾ? ಮಾರಕ್ಕ, ಗೆಣಸು ಈರುಳ್ಳಿ ತರ ಸಾಲಾಗಿ ಕೂರಲ್ಲ. ಒಂದೇ ಬುಡಕ್ಕೆ ನಾಲ್ಕೈದು ಗೊಂಚಲಾಗಿ ಜೋತುಬೀಳುತ್ತೆ. ಇನ್ನೊಂದು ಸಲ ಹೂಳೋದಾದ್ರೆ ಅಂಗೆ ಹೂಳು, ಅಂದ್ಲು."

ನಾನು ನಕ್ಕೆ, ಮತ್ತೆ ಕಣ್ಣು ತುಂಬಿತು. ಮಾಡಿದ ಮೋಸದಲ್ಲೂ ಪಾಠ ತಪ್ಪಾಗಬಾರದು ಅವರಿಗೆ.

"ಬರ್ರಿ ಇಲ್ಲಿ," ಎಂದು ಮಾರಕ್ಕ ಮಂಡಿಗೆ ಕೈಯೂರಿ ಎದ್ದು ಹಿತ್ತಿಲಿಗೆ ಕರೆದುಕೊಂಡು ಹೋದಳು. ಬಚ್ಚಲ ನೀರು ಹೋಗುವ ಕಡೆಯಿಂದ ಅಷ್ಟು ದೂರಕ್ಕೆ, ಕಲ್ಲುಮಣ್ಣಿನಲ್ಲಿ, ಒಂದು ಗೆಣಸಿನ ಬಳ್ಳಿ ಹಬ್ಬಿತ್ತು. ಶಾಲೆಯ ಪಾತಿಯಿಂದ ಅವತ್ತು ಕಿತ್ತೆಸೆದ ಬಳ್ಳಿಯ ತುಂಡನ್ನು ಗಂಗಾ ತಂದು ಊರಿದ್ದಂತೆ. ವರ್ಷ ವರ್ಷ ಅದರಿಂದಲೇ ಕತ್ತರಿಸಿ ಮತ್ತೆ ಊರುತ್ತಾರಂತೆ. ಮಾರಕ್ಕ ಕೂತು, ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಬಗೆದು, ಬಳ್ಳಿ ಹಿಡಿದು ಎತ್ತಿದಳು. ಕೆಂಪು ಸಿಪ್ಪೆಯ ಗೆಣಸುಗಳು, ಒಂದೇ ಬುಡಕ್ಕೆ, ಗೊಂಚಲಾಗಿ.

ಅದನ್ನು ನನ್ನ ಮುಖದ ಹತ್ತಿರಕ್ಕೆ ಎತ್ತಿ ಹಿಡಿದು, "ನೋಡ್ರಿ ಸಾರ್," ಎಂದಳು. "ಇದನ್ನ ನಾನು ಹೂತಿಟ್ಟಿದ್ದಲ್ಲ."